ಕೊಳಗ ಒಂದು, ಅಳತೆ ಹಲವು: ಗಣಕಯಂತ್ರದಲ್ಲಿ ಪೂರ್ಣಾಂಕ ಮತ್ತು ಯಂತ್ರಾಂಶ

ಹಳೆಯ ಮೈಸೂರು ಸೀಮೆಯ ಕಣಗಳಲ್ಲಿ ರಾಶಿ ಅಳೆಯುವಾಗ ‘ಕೊಳಗ’ ಎಂಬ ಮಾತು ಎಲ್ಲರಿಗೂ ಪರಿಚಿತವಾಗಿತ್ತು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ ಎಂಬ ಲೆಕ್ಕವೂ ವ್ಯಾಪಕವಾಗಿ ಬಳಕೆಯಲ್ಲಿತ್ತು. ಆದರೆ ಕೊಳಗದೊಳಗೆ ಹಿಡಿಯುವ ಧಾನ್ಯ ಮಾತ್ರ ಊರಿಂದ ಊರಿಗೆ ಬೇರೆಯಾಗುತ್ತಿತ್ತು. ೧೮೦೦-೦೧ರಲ್ಲಿ ಈ ಸೀಮೆಯಲ್ಲಿ ಪ್ರವಾಸ ಮಾಡಿದ ಫ್ರಾನ್ಸಿಸ್ ಬುಕಾನನ್ ತಾನು ಹೋದೆಡೆಯಲ್ಲೆಲ್ಲ ಅಲ್ಲಲ್ಲಿಯ ಸೇರು, ಕೊಳಗ, ಖಂಡುಗಗಳ ಪ್ರಮಾಣವನ್ನು ಪ್ರತ್ಯೇಕವಾಗಿ ಬರೆದಿಟ್ಟುಕೊಳ್ಳಬೇಕಾಯಿತು. ಹೆಸರನ್ನು ನಂಬಿ ಲೆಕ್ಕ ಹಾಕುವಂತಿರಲಿಲ್ಲ. ಯಾವ ಊರಿನ ಕೊಳಗವೆಂದು ಕೇಳಿ ತಿಳಿಯಬೇಕಿತ್ತು. ಗಣಕಯಂತ್ರಕ್ಕೆ ಕ್ರಮವಿಧಿ ಬರೆಯುವ ಭಾಷೆಗಳಲ್ಲಿ ‘ಇಂಟ್’ ಎಂದು ಕರೆಯಲಾಗುವ ಪೂರ್ಣಾಂಕ ಪ್ರಕಾರದ ಕಥೆಯೂ ಬಹುಮಟ್ಟಿಗೆ ಇದೇ ಆಗಿದೆ. ಇದು ಗಣಕ ತಜ್ಞರಿಗೆ ಮಾತ್ರ ಸಂಬಂಧಿಸಿದ ಸಂಗತಿಯಲ್ಲ. ಹಸ್ತಪ್ರತಿಗಳ ಸೂಚಿ, ಕ್ಷೇತ್ರಕಾರ್ಯದ ದಿನಾಂಕ, ಸಂಗ್ರಹಿಸಿದ ಹಾಡಿನ ಪಠ್ಯ ಇವೆಲ್ಲ ಇಂದು ಪೂರ್ಣಾಂಕಗಳ ರೂಪದಲ್ಲಿಯೇ ಉಳಿಯುತ್ತಿರುವುದರಿಂದ ಗ್ರಂಥಾಲಯಗಳೂ ಸಂಶೋಧಕರೂ ಇದನ್ನು ಅರಿತಿರುವುದು ಅಗತ್ಯವಾಗಿದೆ.

ಗಣಿತಶಾಸ್ತ್ರದ ಪೂರ್ಣಾಂಕಕ್ಕೆ ಕೊನೆಯೆಂಬುದಿಲ್ಲ. ಎಷ್ಟೇ ದೊಡ್ಡ ಸಂಖ್ಯೆಯನ್ನು ಹೇಳಿದರೂ ಅದಕ್ಕೆ ಒಂದನ್ನು ಕೂಡಿಸಬಹುದು. ಗಣಕಯಂತ್ರದ ಪೂರ್ಣಾಂಕವಾದರೋ ಒಂದು ಪಾತ್ರೆಯೊಳಗಿನ ಪೂರ್ಣಾಂಕ. ಯಂತ್ರದಲ್ಲಿ ಸಂಖ್ಯೆಯನ್ನು ಹಿಡಿದಿಡುವುದು ವಿದ್ಯುತ್ತಿನ ಎರಡು ಸ್ಥಿತಿಗಳಲ್ಲಿ ಒಂದನ್ನು ತಾಳಬಲ್ಲ ಪುಟ್ಟ ಮಂಡಲ. ಅದರ ಒಂದು ಸ್ಥಿತಿಯನ್ನು ೦ ಎಂದೂ ಮತ್ತೊಂದನ್ನು ೧ ಎಂದೂ ಓದಿಕೊಳ್ಳಲಾಗುತ್ತದೆ. ಇದೇ ಬಿಟ್. ಇಂಥ ಎಂಟು ಬಿಟ್‌ಗಳು ಸೇರಿದರೆ ಸಾಮಾನ್ಯವಾಗಿ ಒಂದು ಬೈಟ್. ಸಂಸ್ಕಾರಕದೊಳಗೆ ಲೆಕ್ಕ ನಡೆಯುವ ಜಾಗವಾದ ರಿಜಿಸ್ಟರಿನಲ್ಲಿ ಎಷ್ಟು ಬಿಟ್‌ಗಳಿರಬೇಕೆಂಬುದು ಯಂತ್ರವನ್ನು ವಿನ್ಯಾಸಗೊಳಿಸಿದಾಗಲೇ ನಿಶ್ಚಯವಾಗಿಬಿಡುತ್ತದೆ. ಅಷ್ಟೇ ತಂತಿಗಳು, ಕೂಡಿಸುವುದಕ್ಕೆ ಅಷ್ಟೇ ಮಂಡಲಗಳು. ಎಂಟು ಬಿಟ್‌ಗಳಲ್ಲಿ ೨೫೬ ಬೇರೆಬೇರೆ ವಿನ್ಯಾಸಗಳು ಸಾಧ್ಯ, ಹದಿನಾರರಲ್ಲಿ ೬೫,೫೩೬, ಮೂವತ್ತೆರಡರಲ್ಲಿ ೪೨೯ ಕೋಟಿಗಿಂತ ತುಸು ಹೆಚ್ಚು. ಪ್ರತಿಯೊಂದು ಹೊಸ ಬಿಟ್ ಪಾತ್ರೆಯನ್ನು ಇಮ್ಮಡಿಗೊಳಿಸುತ್ತದೆ.

ಇಮ್ಮಡಿ ಮತ್ತು ಅರ್ಧಗಳ ಈ ಲೆಕ್ಕ ಜನಪದರಿಗೆ ಹೊಸತೇನಲ್ಲ. ಅರೆ, ಕಾಲು, ಅರೆಕಾಲು, ವೀಸ ಎಂಬ ಕ್ರಮದಲ್ಲಿ ಒಂದನ್ನು ನಾಲ್ಕು ಸಲ ಅರ್ಧಿಸಿ ಹದಿನಾರನೆಯ ಒಂದು ಭಾಗಕ್ಕೆ ಬರುವ ಪದ್ಧತಿ ಕನ್ನಡದ ಲೆಕ್ಕದಲ್ಲಿ ಬೇರೂರಿತ್ತು. ಹದಿನಾರಾಣೆಯ ರೂಪಾಯಿಯೂ ೧೯೫೭ರವರೆಗೆ ಚಲಾವಣೆಯಲ್ಲಿತ್ತು. ತಕ್ಕಡಿ ಹಿಡಿದವನಿಗೆ ಹತ್ತು ಪಾಲು ಮಾಡುವುದಕ್ಕಿಂತ ಎರಡು ಪಾಲು ಮಾಡುವುದು ಸುಲಭ. ಯಂತ್ರಕ್ಕೂ ಹತ್ತು ಸ್ಥಿತಿಗಳನ್ನು ಗುರುತಿಸುವುದಕ್ಕಿಂತ ಎರಡನ್ನು ಗುರುತಿಸುವುದು ಸುಲಭ. ಸಾಮ್ಯ ಇಷ್ಟಕ್ಕೇ ನಿಲ್ಲುತ್ತದೆ. ಪಿಂಗಳನ ಛಂದಃಶಾಸ್ತ್ರದಲ್ಲಿ ಲಘು-ಗುರುಗಳ ಪ್ರಸ್ತಾರವಿರುವುದನ್ನು ಹಿಡಿದು ಗಣಕಯಂತ್ರದ ಮೂಲವೇ ಅಲ್ಲಿದೆ ಎಂದು ಹೇಳುವವರಿದ್ದಾರೆ. ಮೂರಕ್ಷರಕ್ಕೆ ಎಂಟು ಗಣಗಳಾಗುವ ಲೆಕ್ಕವೂ ಮೂರು ಬಿಟ್‌ಗೆ ಎಂಟು ವಿನ್ಯಾಸಗಳಾಗುವ ಲೆಕ್ಕವೂ ಒಂದೇ ಎಂಬುದು ದಿಟ. ಆದರೆ ಪ್ರಸ್ತಾರವು ಸಾಧ್ಯತೆಗಳನ್ನು ಪಟ್ಟಿ ಮಾಡುವ ವಿಧಾನ. ಪಾತ್ರೆ ತುಂಬಿ ಹೊರಚೆಲ್ಲುವ ಸಮಸ್ಯೆ ಅಲ್ಲಿ ಉದ್ಭವಿಸುವುದಿಲ್ಲ. ಪೂರ್ಣಾಂಕ ಪ್ರಕಾರಗಳ ತಿರುಳು ಇರುವುದೇ ಈ ಚೆಲ್ಲುವಿಕೆಯಲ್ಲಿ.

ಮೋಟಾರು ವಾಹನದಲ್ಲಿ ಓಡಿದ ದೂರವನ್ನು ತೋರಿಸುವ ಹಳೆಯ ಮಾದರಿಯ ಮೀಟರನ್ನು ನೆನೆದರೆ ಇದು ಸ್ಪಷ್ಟವಾಗುತ್ತದೆ. ಐದು ಅಂಕಿಗಳ ಮೀಟರು ೯೯,೯೯೯ ಮುಟ್ಟಿದ ಮೇಲೆ ಇನ್ನೊಂದು ಕಿಲೋಮೀಟರು ಓಡಿದರೆ ಐದೂ ಕಿಂಡಿಗಳಲ್ಲಿ ಸೊನ್ನೆ ಕಾಣುತ್ತದೆ. ಆರನೆಯ ಸ್ಥಾನಕ್ಕೆ ದಾಟಬೇಕಾದ ಒಂದಕ್ಕೆ ಕಿಂಡಿಯೇ ಇಲ್ಲ. ಎಂಟು ಬಿಟ್‌ನ ರಿಜಿಸ್ಟರಿನಲ್ಲಿಯೂ ಹೀಗೆಯೇ ೨೫೫ಕ್ಕೆ ಒಂದನ್ನು ಕೂಡಿಸಿದರೆ ಸೊನ್ನೆ ಉಳಿಯುತ್ತದೆ. ೨೦೦ಕ್ಕೆ ೧೦೦ನ್ನು ಕೂಡಿಸಿದರೆ ೪೪ ಉಳಿಯುತ್ತದೆ. ಹೊರಗೆ ಬಿದ್ದ ದಶಕವನ್ನು, ಅಂದರೆ ಇಲ್ಲಿಯ ‘ದ್ವಿಕ’ವನ್ನು, ಸಂಸ್ಕಾರಕವು ಪ್ರತ್ಯೇಕವಾದ ಒಂದು ಬಿಟ್‌ನಲ್ಲಿ ಗುರುತು ಹಾಕಿಟ್ಟುಕೊಳ್ಳುವುದು ವಾಡಿಕೆ. ಕಣದಲ್ಲಿ ಅಳೆಯುವವನು ಇಂತಿಷ್ಟು ಅಳತೆಗೆ ಒಂದು ಕಲ್ಲನ್ನು ಪಕ್ಕಕ್ಕಿಡುವಂತೆ ಇದು. ಎಂಟು ಬಿಟ್‌ನ ಸಂಸ್ಕಾರಕವು ಹದಿನಾರು ಬಿಟ್‌ನ ಸಂಖ್ಯೆಗಳನ್ನು ಎರಡು ಕಂತಿನಲ್ಲಿ ಕೂಡಿಸುವಾಗ ಈ ಗುರುತೇ ಎರಡನೆಯ ಕಂತಿಗೆ ದಾಟುತ್ತದೆ. ಚಿಕ್ಕ ಯಂತ್ರವೂ ದೊಡ್ಡ ಸಂಖ್ಯೆಯನ್ನು ನಿಭಾಯಿಸಬಲ್ಲುದು, ಸಮಯ ಮಾತ್ರ ಹೆಚ್ಚು ಹಿಡಿಯುತ್ತದೆ.

ಇದೇ ಮೀಟರು ಋಣಸಂಖ್ಯೆಗಳ ಸಮಸ್ಯೆಗೂ ದಾರಿ ತೋರಿಸುತ್ತದೆ. ಸೊನ್ನೆಯಲ್ಲಿರುವ ಮೀಟರನ್ನು ಒಂದು ಹೆಜ್ಜೆ ಹಿಂದಕ್ಕೆ ತಿರುಗಿಸಿದರೆ ೯೯,೯೯೯ ಬರುತ್ತದೆ. ಆದ್ದರಿಂದ ಅದನ್ನೇ ‘ಋಣ ಒಂದು’ ಎಂದು ಓದಲು ಒಪ್ಪಿಕೊಂಡರೆ ಸಾಕು, ಕಳೆಯುವುದಕ್ಕೆ ಬೇರೆ ಮಂಡಲವೇ ಬೇಡ. ಎಂಟು ಬಿಟ್‌ನಲ್ಲಿ ಐದರಿಂದ ಮೂರನ್ನು ಕಳೆಯಬೇಕಾದಾಗ ಐದಕ್ಕೆ ೨೫೩ನ್ನು ಕೂಡಿಸಲಾಗುತ್ತದೆ. ಮೊತ್ತ ೨೫೮. ಅದರಲ್ಲಿ ೨೫೬ ಹೊರಚೆಲ್ಲಿ ಎರಡು ಉಳಿಯುತ್ತದೆ. ಚೆಲ್ಲುವುದೇ ಇಲ್ಲಿ ಉಪಾಯವಾಗಿದೆ. ಈ ‘ಎರಡರ ಪೂರಕ’ ಪದ್ಧತಿಯಲ್ಲಿ ಎಂಟು ಬಿಟ್‌ಗಳು ಋಣ ೧೨೮ರಿಂದ ಧನ ೧೨೭ರವರೆಗಿನ ಸಂಖ್ಯೆಗಳನ್ನು ಹಿಡಿಯುತ್ತವೆ. ಗಮನಿಸಬೇಕಾದುದೆಂದರೆ ಯಂತ್ರದೊಳಗೆ ಬಿಟ್‌ಗಳ ಸಾಲು ಒಂದೇ, ಓದುವ ಬಗೆ ಎರಡು. ೧೧೧೦೦೦೦೦ ಎಂಬ ಸಾಲು ಚಿಹ್ನೆಯಿಲ್ಲದ ಪೂರ್ಣಾಂಕವೆಂದು ಓದಿದರೆ ೨೨೪, ಚಿಹ್ನೆಸಹಿತ ಪೂರ್ಣಾಂಕವೆಂದು ಓದಿದರೆ ಋಣ ೩೨. ಯಾವುದು ಸರಿ ಎಂಬುದನ್ನು ಬಿಟ್‌ಗಳು ಹೇಳುವುದಿಲ್ಲ. ಅದನ್ನು ಹೇಳುವುದೇ ದತ್ತಾಂಶ ಪ್ರಕಾರದ ಕೆಲಸ.

ಈ ಒಪ್ಪಂದ ಮೊದಲಿನಿಂದಲೂ ಇದ್ದುದಲ್ಲ. ೧೯೪೬ರಲ್ಲಿ ಅಮೆರಿಕೆಯಲ್ಲಿ ಸಾರ್ವಜನಿಕರೆದುರು ಪ್ರದರ್ಶಿತವಾದ ಎನಿಯಾಕ್ ಯಂತ್ರ ಹತ್ತು ದಶಮಾನ ಅಂಕಿಗಳ ಲೆಕ್ಕ ಮಾಡುತ್ತಿತ್ತು. ಜಾನ್ ವಾನ್ ನಾಯ್ಮನ್ ೧೯೪೫ರಲ್ಲಿ ಎಡ್ವಾಕ್ ಯಂತ್ರದ ಬಗ್ಗೆ ಬರೆದ ಕರಡು ವರದಿಯು ದ್ವಿಮಾನ ಪದ್ಧತಿಯನ್ನು ಎತ್ತಿಹಿಡಿಯಿತು. ೧೯೬೪ರ ಸಿಡಿಸಿ ೬೬೦೦ ಎಂಬ ಯಂತ್ರ ಅರವತ್ತು ಬಿಟ್‌ಗಳ ಘಟಕವನ್ನೂ ‘ಒಂದರ ಪೂರಕ’ ಪದ್ಧತಿಯನ್ನೂ ಬಳಸಿತು. ಈ ಪದ್ಧತಿಯಲ್ಲಿ ಧನ ಸೊನ್ನೆ, ಋಣ ಸೊನ್ನೆ ಎಂದು ಎರಡು ಸೊನ್ನೆಗಳಿರುತ್ತವೆ! ಹದಿನೆಂಟು, ಮೂವತ್ತಾರು, ನಲವತ್ತು ಬಿಟ್‌ಗಳ ಯಂತ್ರಗಳೂ ಇದ್ದವು. ಅದೇ ೧೯೬೪ರಲ್ಲಿ ಐಬಿಎಂ ಸಂಸ್ಥೆ ಪ್ರಕಟಿಸಿದ ಸಿಸ್ಟಂ/೩೬೦ ಸರಣಿಯು ಎಂಟು ಬಿಟ್‌ನ ಬೈಟ್, ಮೂವತ್ತೆರಡು ಬಿಟ್‌ನ ಘಟಕ ಮತ್ತು ಎರಡರ ಪೂರಕ ಪದ್ಧತಿಗಳನ್ನು ಒಟ್ಟಿಗೆ ತಂದಿತು. ಮುಂದಿನ ಯಂತ್ರಗಳು ಹೆಚ್ಚುಕಡಿಮೆ ಈ ಜಾಡನ್ನೇ ಹಿಡಿದವು.

ಭಾಷೆಯ ಪ್ರಕಾರಗಳು ಯಂತ್ರದಿಂದ ಹೇಗೆ ಮೂಡುತ್ತವೆ ಎಂಬುದಕ್ಕೆ ಸಿ ಭಾಷೆಯ ಹುಟ್ಟು ಒಳ್ಳೆಯ ನಿದರ್ಶನ. ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ರೂಪಿಸಿದ ‘ಬಿ’ ಭಾಷೆಯಲ್ಲಿ ಪ್ರಕಾರಗಳೇ ಇರಲಿಲ್ಲ. ಅದು ಹುಟ್ಟಿದ್ದು ಹದಿನೆಂಟು ಬಿಟ್‌ಗಳ ಪಿಡಿಪಿ-೭ ಯಂತ್ರದ ಮೇಲೆ. ಅಲ್ಲಿ ಸ್ಮರಣಕೋಶದ ಪ್ರತಿಯೊಂದು ಮನೆಯೂ ಒಂದೇ ಗಾತ್ರದ್ದು. ಸಂಖ್ಯೆಯೂ ವಿಳಾಸವೂ ಅದೇ ಮನೆಯಲ್ಲಿ ಇರುತ್ತಿದ್ದವು. ಒಂದೇ ಅಳತೆಯ ಪಾತ್ರೆ ಇರುವ ಮನೆಯಲ್ಲಿ ಪಾತ್ರೆಗೆ ಹೆಸರೇಕೆ ಬೇಕು? ೧೯೭೦ರ ಪಿಡಿಪಿ-೧೧ ಯಂತ್ರ ಬಂದಾಗ ಪರಿಸ್ಥಿತಿ ಬದಲಾಯಿತು. ಅದು ಎಂಟು ಬಿಟ್‌ನ ಬೈಟಿಗೂ ವಿಳಾಸ ಕೊಡುತ್ತಿತ್ತು, ಹದಿನಾರು ಬಿಟ್‌ನ ಘಟಕದಲ್ಲಿಯೂ ಲೆಕ್ಕ ಮಾಡುತ್ತಿತ್ತು. ಎರಡು ಅಳತೆಗಳು ಬಂದೊಡನೆ ಹೆಸರುಗಳು ಅನಿವಾರ್ಯವಾದವು. ಡೆನಿಸ್ ರಿಚಿ ‘ಬಿ’ಯನ್ನು ತಿದ್ದಿ ಬೆಳೆಸುತ್ತ ಬೈಟಿಗೆ ‘ಚಾರ್’ ಎಂದೂ ಘಟಕಕ್ಕೆ ‘ಇಂಟ್’ ಎಂದೂ ಪ್ರಕಾರಗಳನ್ನು ಸೇರಿಸಿದರು. ೧೯೭೨ರ ಸುಮಾರಿಗೆ ಸಿ ಭಾಷೆ ರೂಪುಗೊಂಡಿತು.

ಸಿ ಭಾಷೆ ಬೇರೆ ಯಂತ್ರಗಳಿಗೆ ಹೋದಾಗ ಹೆಸರು ಮಾತ್ರ ಹೋಯಿತು, ಅಳತೆ ಹೋಗಲಿಲ್ಲ. ಕರ್ನಿಗನ್ ಮತ್ತು ರಿಚಿ ೧೯೭೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಒಂದು ಕೋಷ್ಟಕವಾಗಿಯೇ ಕೊಟ್ಟಿದ್ದಾರೆ. ‘ಇಂಟ್’ ಎಂದರೆ ಪಿಡಿಪಿ-೧೧ರಲ್ಲಿ ಹದಿನಾರು ಬಿಟ್, ಐಬಿಎಂ ೩೭೦ರಲ್ಲಿ ಮೂವತ್ತೆರಡು, ಹನಿವೆಲ್ ೬೦೦೦ದಲ್ಲಿ ಮೂವತ್ತಾರು. ಹನಿವೆಲ್ಲಿನಲ್ಲಿ ‘ಚಾರ್’ ಕೂಡ ಎಂಟಲ್ಲ, ಒಂಬತ್ತು ಬಿಟ್. ಬುಕಾನನ್ ಊರೂರಿಗೆ ಕೊಳಗದ ಅಳತೆ ಬರೆದುಕೊಂಡದ್ದಕ್ಕೂ ಈ ಕೋಷ್ಟಕಕ್ಕೂ ಹೆಚ್ಚಿನ ಅಂತರವಿಲ್ಲ. ೧೯೮೯ರ ಪ್ರಮಾಣೀಕರಣವು ಕೂಡ ‘ಇಂಟ್’ ಕನಿಷ್ಠ ಇಷ್ಟನ್ನು ಹಿಡಿಯಬೇಕೆಂದು ವಿಧಿಸಿತೇ ಹೊರತು ಇಷ್ಟೇ ಇರಬೇಕೆಂದು ವಿಧಿಸಲಿಲ್ಲ. ಇದು ಅಲಕ್ಷ್ಯದಿಂದಾದುದಲ್ಲ. ಯಂತ್ರಕ್ಕೆ ಸಹಜವಾದ ಅಳತೆಯಲ್ಲಿಯೇ ಲೆಕ್ಕ ಅತಿ ವೇಗವಾಗಿ ನಡೆಯುವುದರಿಂದ ಆ ಸ್ವಾತಂತ್ರ್ಯವನ್ನು ಬೇಕೆಂದೇ ಉಳಿಸಲಾಯಿತು. ಮೂವತ್ತಾರು ಬಿಟ್‌ನ ಯಂತ್ರಕ್ಕೆ ಮೂವತ್ತೆರಡರ ಲೆಕ್ಕ ಮಾಡೆಂದರೆ ಪ್ರತಿಸಲವೂ ಮೇಲಿನ ನಾಲ್ಕನ್ನು ಸವರಿ ಹಾಕುವ ಕೆಲಸ ಹೆಚ್ಚುತ್ತದೆ.

ಆದರೆ ಒಂದು ಯಂತ್ರದ ಕಡತವನ್ನು ಇನ್ನೊಂದು ಯಂತ್ರ ಓದಬೇಕಾದಾಗ ಈ ಸ್ವಾತಂತ್ರ್ಯವೇ ತೊಡಕಾಗುತ್ತದೆ. ತೂಕ ಮತ್ತು ಅಳತೆಗಳನ್ನು ದೇಶಕ್ಕೆಲ್ಲ ಒಂದಾಗಿಸುವ ಶಾಸನ ಭಾರತದಲ್ಲಿ ೧೯೫೬ರಲ್ಲಿ ಬಂದಿತು. ಸಿ ಭಾಷೆಯಲ್ಲಿ ಎಂಟು, ಹದಿನಾರು, ಮೂವತ್ತೆರಡು, ಅರವತ್ತನಾಲ್ಕು ಎಂದು ಅಳತೆಯನ್ನೇ ಹೆಸರಿನಲ್ಲಿ ಸೇರಿಸಿದ ಪ್ರಕಾರಗಳು ೧೯೯೯ರ ಪ್ರಮಾಣೀಕರಣದಲ್ಲಿ ಬಂದವು. ಹಳೆಯ ಹೆಸರುಗಳು ಅಳಿಯಲಿಲ್ಲ. ಕೊಳಗ, ಬಳ್ಳಗಳು ಕಾನೂನು ಬಂದ ಮೇಲೂ ಹಳ್ಳಿಯ ಮಾತಿನಲ್ಲಿ ಉಳಿದುಕೊಂಡಂತೆ ಅವೂ ಉಳಿದಿವೆ. ಅರವತ್ತನಾಲ್ಕು ಬಿಟ್‌ನ ಒಂದೇ ಯಂತ್ರದಲ್ಲಿ ‘ಲಾಂಗ್’ ಎಂಬ ಪ್ರಕಾರ ಲೈನಕ್ಸ್ ವ್ಯವಸ್ಥೆಯಡಿಯಲ್ಲಿ ಅರವತ್ತನಾಲ್ಕು ಬಿಟ್, ವಿಂಡೋಸ್ ವ್ಯವಸ್ಥೆಯಡಿಯಲ್ಲಿ ಮೂವತ್ತೆರಡು. ಎರಡರ ಪೂರಕ ಪದ್ಧತಿಯನ್ನೇ ಬಳಸಬೇಕೆಂಬ ನಿಯಮ ಸಿ ಭಾಷೆಯಲ್ಲಿ ಕಡ್ಡಾಯವಾದದ್ದು ೨೦೨೪ರಲ್ಲಿ ಪ್ರಕಟವಾದ ಪ್ರಮಾಣೀಕರಣದಿಂದ. ಅಷ್ಟರಲ್ಲಿ ಬೇರೆ ಪದ್ಧತಿಯ ಯಂತ್ರಗಳು ಬಹುತೇಕ ವಸ್ತುಸಂಗ್ರಹಾಲಯ ಸೇರಿದ್ದವು! ಆಗಲೂ ಚಿಹ್ನೆಸಹಿತ ಪೂರ್ಣಾಂಕ ತುಂಬಿ ಚೆಲ್ಲಿದರೆ ಏನಾಗಬೇಕೆಂಬುದನ್ನು ಭಾಷೆ ವಿಧಿಸಲಿಲ್ಲ. ಯಂತ್ರ ಮೀಟರಿನಂತೆ ಸುತ್ತು ಬರುತ್ತದೆಂದು ನಂಬಿ ಕ್ರಮವಿಧಿ ಬರೆದವನಿಗೆ, ಅದನ್ನು ಯಂತ್ರಭಾಷೆಗೆ ಪರಿವರ್ತಿಸುವ ಕಂಪೈಲರ್ ಅಂಥ ಸುತ್ತು ಬರುವುದೇ ಇಲ್ಲವೆಂದು ಊಹಿಸಿ ಬೇರೆಯದೇ ಫಲವನ್ನು ಕೊಡಬಹುದು.

ಬೇರೆ ಭಾಷೆಗಳು ಬೇರೆ ಹಾದಿ ಹಿಡಿದವು. ಜಾವಾದಲ್ಲಿ ‘ಇಂಟ್’ ಯಾವ ಯಂತ್ರದಲ್ಲಿದ್ದರೂ ಮೂವತ್ತೆರಡು ಬಿಟ್. ಪೈಥಾನ್ ಭಾಷೆಯ ಇಂದಿನ ರೂಪದಲ್ಲಿ ಪೂರ್ಣಾಂಕಕ್ಕೆ ಮೇಲ್ಮಿತಿಯಿಲ್ಲ. ದೊಡ್ಡ ಸಂಖ್ಯೆಯನ್ನು ಸಣ್ಣ ತುಂಡುಗಳಾಗಿ ಒಡೆದು ಸಾಲಾಗಿ ಇಡಲಾಗುತ್ತದೆ, ಸ್ಮರಣಕೋಶ ಮುಗಿಯುವವರೆಗೂ ಸಾಲು ಬೆಳೆಯಬಹುದು. ಆ ತುಂಡುಗಳೂ ಯಂತ್ರದ ಅಳತೆಗೆ ಹೊಂದಿಸಿದವೇ ಆಗಿವೆ. ಯಂತ್ರವನ್ನು ಮರೆಮಾಡಬಹುದು, ಇಲ್ಲವಾಗಿಸಲಾಗದು. ಬೈಟ್‌ಗಳನ್ನು ಸ್ಮರಣಕೋಶದಲ್ಲಿ ಜೋಡಿಸುವಾಗ ದೊಡ್ಡ ಸ್ಥಾನದಿಂದ ಆರಂಭಿಸಬೇಕೋ ಚಿಕ್ಕ ಸ್ಥಾನದಿಂದಲೋ ಎಂಬ ವಿಷಯದಲ್ಲಿಯೂ ಯಂತ್ರಗಳಲ್ಲಿ ಎರಡು ಪಂಥಗಳಿವೆ. ೧೯೮೦ರಲ್ಲಿ ಡ್ಯಾನಿ ಕೊಹೆನ್ ಈ ಜಗಳಕ್ಕೆ ಜೊನಾಥನ್ ಸ್ವಿಫ್ಟನ ಗಲಿವರನ ಕಥೆಯಲ್ಲಿ ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕೆಂದು ಕಾದಾಡುವ ಪಂಗಡಗಳ ಹೆಸರನ್ನೇ ಕೊಟ್ಟರು. ಶಾಸನಗಳ ಶಕವರ್ಷವನ್ನು ಭೂತಸಂಖ್ಯೆಯಲ್ಲಿ ಓದುವವರಿಗೆ, ಬಿಡಿ ಸ್ಥಾನದಿಂದ ಎಡಕ್ಕೆ ಸಾಗುವ ಕ್ರಮ ತಿಳಿಯದಿದ್ದರೆ ವರ್ಷವೇ ತಲೆಕೆಳಗಾಗುವುದು ಗೊತ್ತಿರುವುದರಿಂದ ಇದನ್ನು ವಿವರಿಸಬೇಕಾಗಿಲ್ಲ.

ಅಳತೆ ಮೀರಿದಾಗ ಏನಾಗುತ್ತದೆ ಎಂಬುದಕ್ಕೆ ಎಲ್ಲರೂ ಉಲ್ಲೇಖಿಸುವ ನಿದರ್ಶನ ಏರಿಯಾನ್-೫ ರಾಕೆಟ್ಟಿನದು. ೧೯೯೬ರ ಜೂನ್ ೪ರಂದು ಫ್ರೆಂಚ್ ಗಯಾನಾದ ಕೂರೂ ಕೇಂದ್ರದಿಂದ ಮೊದಲ ಬಾರಿಗೆ ಹಾರಿದ ಅದು ಸುಮಾರು ೪೦ ಸೆಕೆಂಡುಗಳೊಳಗೆ ನಾಲ್ಕು ಉಪಗ್ರಹಗಳೊಂದಿಗೆ ನಾಶವಾಯಿತು. ಅಡ್ಡದಿಕ್ಕಿನ ವೇಗಕ್ಕೆ ಸಂಬಂಧಿಸಿದ, ಅರವತ್ತನಾಲ್ಕು ಬಿಟ್‌ನ ದಶಾಂಶ ರೂಪದಲ್ಲಿದ್ದ ಒಂದು ಬೆಲೆಯನ್ನು ಹದಿನಾರು ಬಿಟ್‌ನ ಚಿಹ್ನೆಸಹಿತ ಪೂರ್ಣಾಂಕಕ್ಕೆ ಸುರಿಯುವ ಪ್ರಯತ್ನದಲ್ಲಿ ಅದು ೩೨,೭೬೭ನ್ನು ಮೀರಿತು. ಇಲ್ಲಿ ಮೀಟರು ಸುತ್ತಲಿಲ್ಲ. ಸಂಸ್ಕಾರಕ ದೋಷವೆಂದು ಕೂಗಿತು, ಆ ಕೂಗಿಗೆ ಓಗೊಡುವ ವ್ಯವಸ್ಥೆ ಇರಲಿಲ್ಲ, ದಿಕ್ಕು ತಿಳಿಸುವ ಎರಡೂ ಉಪಕರಣಗಳು ಸ್ತಬ್ಧವಾದವು. ತನಿಖಾ ಮಂಡಳಿಯ ವರದಿಯಲ್ಲಿ ಇದಕ್ಕಿಂತ ಕುತೂಹಲಕರವಾದ ಸಂಗತಿಯೊಂದಿದೆ. ಇಂಥ ಅಪಾಯವಿದ್ದ ಏಳು ಬೆಲೆಗಳಲ್ಲಿ ನಾಲ್ಕಕ್ಕೆ ಮಾತ್ರ ರಕ್ಷಣೆ ಒದಗಿಸಲಾಗಿತ್ತು. ಸಂಸ್ಕಾರಕದ ಮೇಲಿನ ಹೊರೆ ನೂರಕ್ಕೆ ಎಂಬತ್ತನ್ನು ಮೀರಬಾರದೆಂಬ ಗುರಿ ಇದಕ್ಕೆ ಕಾರಣವಾಗಿತ್ತು. ಕ್ರಮವಿಧಿಯ ಆ ಭಾಗ ಏರಿಯಾನ್-೪ಕ್ಕಾಗಿ ಬರೆದುದು. ಆ ರಾಕೆಟ್ಟಿನ ಪಥದಲ್ಲಿ ಪಾತ್ರೆ ತುಂಬುವ ಪ್ರಶ್ನೆಯೇ ಇರಲಿಲ್ಲ. ಹಳೆಯ ಊರಿನ ಕೊಳಗವನ್ನು ಹೊಸ ಊರಿನ ರಾಶಿಗೆ ಹಿಡಿದಂತಾಯಿತು.

ಗ್ರಂಥಾಲಯಗಳಿಗೆ ಇನ್ನೂ ಹತ್ತಿರದ ಸಮಸ್ಯೆ ಕಾಲಗಣನೆಯದು. ಯುನಿಕ್ಸ್ ಪರಂಪರೆಯ ಗಣಕಗಳು ೧೯೭೦ರ ಜನವರಿ ೧ರಿಂದ ಕಳೆದ ಸೆಕೆಂಡುಗಳನ್ನು ಎಣಿಸುತ್ತವೆ. ಈ ಎಣಿಕೆ ಮೂವತ್ತೆರಡು ಬಿಟ್‌ನ ಚಿಹ್ನೆಸಹಿತ ಪೂರ್ಣಾಂಕದಲ್ಲಿದ್ದರೆ ೨,೧೪,೭೪,೮೩,೬೪೭ನೆಯ ಸೆಕೆಂಡಿಗೆ, ಅಂದರೆ ೨೦೩೮ರ ಜನವರಿ ೧೯ರಂದು ಭಾರತೀಯ ಕಾಲಮಾನ ಬೆಳಿಗ್ಗೆ ೮ ಗಂಟೆ ೪೪ ನಿಮಿಷ ೭ ಸೆಕೆಂಡಿಗೆ, ಪಾತ್ರೆ ತುಂಬುತ್ತದೆ. ಮರುಕ್ಷಣದಲ್ಲಿ ಎಣಿಕೆ ಸುತ್ತು ಬಂದರೆ ದಿನಾಂಕ ೧೯೦೧ರ ಡಿಸೆಂಬರಿಗೆ ಹಿಂದಿರುಗುತ್ತದೆ. ಅರವತ್ತನಾಲ್ಕು ಬಿಟ್‌ನ ಯಂತ್ರಗಳಲ್ಲಿ ಈ ತೊಂದರೆ ಸಾಮಾನ್ಯವಾಗಿ ಇಲ್ಲ. ಮೂವತ್ತೆರಡು ಬಿಟ್‌ನ ಯಂತ್ರಗಳಿಗಾಗಿ ಲೈನಕ್ಸ್ ೨೦೨೦ರಲ್ಲಿ ಪರಿಹಾರ ಒದಗಿಸಿತು. ಆದರೆ ಯಂತ್ರ ಬದಲಾದ ಮಾತ್ರಕ್ಕೆ ಹಳೆಯ ಕಡತದೊಳಗಿನ ನಾಲ್ಕು ಬೈಟ್‌ನ ಕಾಲಂ ಎಂಟಾಗುವುದಿಲ್ಲ. ೨೦೩೮ರ ಬಗ್ಗೆ ಮಾತಾಡುವವರು ಮರೆಯುವ ಇನ್ನೊಂದು ತುದಿಯೂ ಇದಕ್ಕಿದೆ. ಈ ಪಾತ್ರೆಯಲ್ಲಿ ೧೯೦೧ರ ಡಿಸೆಂಬರಿಗಿಂತ ಹಿಂದಿನ ದಿನಾಂಕಗಳಿಗೆ ಸ್ಥಳವೇ ಇಲ್ಲ. ೧೮೯೪ರಲ್ಲಿ ಪ್ರಕಟವಾದ ಕಿಟೆಲರ ನಿಘಂಟಿನ ವರ್ಷವನ್ನು ಈ ಬಗೆಯ ಎಣಿಕೆಯಲ್ಲಿ ದಾಖಲಿಸಲು ಬರುವುದಿಲ್ಲ.

ಕನ್ನಡ ಅಕ್ಷರದ ವಿಷಯದಲ್ಲಿ ಪೂರ್ಣಾಂಕದ ಅಳತೆ ನೇರವಾಗಿ ಸಂಸ್ಕೃತಿಯ ಪ್ರಶ್ನೆಯಾಗುತ್ತದೆ. ಗಣಕಯಂತ್ರಕ್ಕೆ ಅಕ್ಷರವೂ ಒಂದು ಪೂರ್ಣಾಂಕವೇ. ಒಂದು ಬೈಟಿಗೆ ಒಂದು ಅಕ್ಷರವೆಂಬ ಕಾಲದಲ್ಲಿ ಇದ್ದುದು ೨೫೬ ಸ್ಥಾನಗಳು, ಅವುಗಳಲ್ಲಿ ಮೊದಲ ೧೨೮ನ್ನು ರೋಮನ್ ಲಿಪಿ ಮತ್ತು ನಿಯಂತ್ರಣ ಸಂಕೇತಗಳು ಆಕ್ರಮಿಸಿದ್ದವು. ೧೯೯೧ರ ಭಾರತೀಯ ಪ್ರಮಾಣಕವಾದ ಇಸ್ಕಿ ಉಳಿದ ಅರ್ಧದಲ್ಲಿ ಭಾರತೀಯ ಲಿಪಿಗಳ ಮೂಲಾಕ್ಷರಗಳನ್ನು ಕೂಡಿಸಿತು. ‘ಬರಹ’, ‘ನುಡಿ’ ಮೊದಲಾದ ತಂತ್ರಾಂಶಗಳ ಆರಂಭಕಾಲದ ಅಕ್ಷರಶೈಲಿಗಳು ಬೇರೊಂದು ದಾರಿ ಹಿಡಿದು, ಅಕ್ಷರದ ಮೈ, ತಲೆಕಟ್ಟು, ಕೊಂಬು, ಒತ್ತು ಮೊದಲಾದ ಆಕಾರದ ತುಂಡುಗಳನ್ನೇ ಈ ಇಕ್ಕಟ್ಟಿನ ಜಾಗದಲ್ಲಿ ಹೊಂದಿಸಿದವು. ಅಚ್ಚಿನ ಕೆಲಸಕ್ಕೆ ಅದು ಸಮರ್ಥವಾಗಿಯೇ ಇತ್ತು, ಕನ್ನಡದ ಅಸಂಖ್ಯ ಪುಸ್ತಕಗಳು ಅದರಿಂದಲೇ ಹೊರಬಂದವು. ಆದರೆ ಆ ಕಡತದಲ್ಲಿ ಉಳಿದಿರುವುದು ಅಕ್ಷರವಲ್ಲ, ಆಕಾರದ ಚೂರುಗಳ ಸಂಖ್ಯೆ. ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ರೋಮನ್ ಲಿಪಿಯ ವಿಚಿತ್ರ ಚಿಹ್ನೆಗಳು ಕಾಣುತ್ತವೆ. ಅಕಾರಾದಿಯಾಗಿ ಜೋಡಿಸಿದರೆ ಕ್ರಮ ಕೆಡುತ್ತದೆ. ಹೀಗೆ ಬೆರಳಚ್ಚಾದ ಜನಪದ ಗೀತೆಗಳನ್ನು ಪರಿವರ್ತಿಸದೆ ಬಿಟ್ಟರೆ ಹಾಡಿದವರ ಮಾತು ಕಡತದಲ್ಲಿದ್ದೂ ಹುಡುಕಾಟಕ್ಕೆ ಸಿಗುವುದಿಲ್ಲ.

ಯುನಿಕೋಡ್ ೧೯೯೧ರಲ್ಲಿ ಬಂದಾಗ ಹದಿನಾರು ಬಿಟ್ ಪಾತ್ರೆಯೊಂದರಲ್ಲಿ ಜಗತ್ತಿನ ಲಿಪಿಗಳೆಲ್ಲ ಹಿಡಿಸುತ್ತವೆಂದು ಭಾವಿಸಲಾಗಿತ್ತು. ಕನ್ನಡಕ್ಕೆ ೩೨೦೦ರಿಂದ ೩೩೨೭ರವರೆಗಿನ ಸ್ಥಾನಗಳು ದೊರೆತವು; ‘ಕ’ ಅಕ್ಷರದ ಸಂಖ್ಯೆ ೩೨೨೧. ಇದು ಒಂದು ಬೈಟಿನಲ್ಲಿ ಹಿಡಿಸದ ಕಾರಣ ಯುಟಿಎಫ್-೮ ಎಂಬ ಕ್ರಮದಲ್ಲಿ ೨೨೪, ೧೭೮, ೧೪೯ ಎಂಬ ಮೂರು ಬೈಟ್‌ಗಳಾಗಿ ಉಳಿಯುತ್ತದೆ. ಸಿ ಭಾಷೆಯ ‘ಚಾರ್’ ಚಿಹ್ನೆಸಹಿತವೋ ಅಲ್ಲವೋ ಎಂಬುದು ಇಂದಿಗೂ ಯಂತ್ರ ಮತ್ತು ಕಂಪೈಲರಿಗೆ ಬಿಟ್ಟ ವಿಷಯ. ಇಂಟೆಲ್ ಮಾದರಿಯ ಯಂತ್ರಗಳಲ್ಲಿ ಅದು ಸಾಮಾನ್ಯವಾಗಿ ಚಿಹ್ನೆಸಹಿತವಾದ್ದರಿಂದ ‘ಕ’ದ ಮೊದಲ ಬೈಟ್ ಋಣ ೩೨ ಆಗಿಬಿಡುತ್ತದೆ. ರೋಮನ್ ಅಕ್ಷರಗಳೆಲ್ಲ ೧೨೭ರೊಳಗೆ ಬರುವುದರಿಂದ ಅಂಥ ಕ್ರಮವಿಧಿಯ ದೋಷ ಇಂಗ್ಲಿಷ್ ಪಠ್ಯದಲ್ಲಿ ಎಂದೂ ಬಯಲಾಗುವುದಿಲ್ಲ, ಕನ್ನಡ ಪಠ್ಯ ಬಂದಾಗ ಮಾತ್ರ ಬಯಲಾಗುತ್ತದೆ. ‘ಈ ತಂತ್ರಾಂಶದಲ್ಲಿ ಕನ್ನಡ ಬರುವುದಿಲ್ಲ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಲಿಪಿಯ ಜಟಿಲತೆಗಿಂತ ಹೆಚ್ಚಾಗಿ ಇಂಥ ಅಳತೆಯ ತಪ್ಪು ಅಡಗಿರುತ್ತದೆ.

ಹದಿನಾರು ಬಿಟ್ ಸಾಲದೆಂಬುದು ಬೇಗನೆ ಅರಿವಾಗಿ ೧೯೯೬ರ ಆವೃತ್ತಿಯಲ್ಲಿ ಯುನಿಕೋಡ್ ಹನ್ನೊಂದು ಲಕ್ಷಕ್ಕೂ ಮಿಕ್ಕಿದ ಸ್ಥಾನಗಳಿಗೆ ವಿಸ್ತರಿಸಿತು. ಅಷ್ಟರಲ್ಲಿ ಜಾವಾ ತನ್ನ ‘ಚಾರ್’ ಪ್ರಕಾರವನ್ನು ಹದಿನಾರು ಬಿಟ್‌ಗೆ ನಿಗದಿಪಡಿಸಿಯಾಗಿತ್ತು. ೬೫,೫೩೫ರ ಆಚೆಗಿನ ಅಕ್ಷರಗಳನ್ನು ಅದು ಇಂದಿಗೂ ಎರಡು ಘಟಕಗಳ ಜೋಡಿಯಾಗಿ ಇಡುತ್ತದೆ. ಕನ್ನಡ ಲಿಪಿ ಈ ಗೆರೆಯ ಈಚೆಗೇ ಇರುವುದರಿಂದ ಈ ವಿಷಯ ಇಲ್ಲಿಯವರ ಗಮನಕ್ಕೆ ಬರಬೇಕಾದ ಸಂದರ್ಭ ಬಹುಕಾಲ ಒದಗಲಿಲ್ಲ. ಕರಾವಳಿಯ ಹಸ್ತಪ್ರತಿ ಭಂಡಾರಗಳಲ್ಲಿ ವಿಪುಲವಾಗಿ ದೊರೆಯುವ ತುಳು-ತಿಗಳಾರಿ ಲಿಪಿಗೆ ೨೦೨೪ರ ಸೆಪ್ಟೆಂಬರಿನ ಯುನಿಕೋಡ್ ೧೬ನೆಯ ಆವೃತ್ತಿಯಲ್ಲಿ ದೊರೆತ ಸ್ಥಾನಗಳು ೭೦,೫೨೮ರಿಂದ ಆರಂಭವಾಗುತ್ತವೆ. ಇವು ಹದಿನಾರು ಬಿಟ್‌ನ ಪಾತ್ರೆಯ ಹೊರಗಿವೆ. ಹದಿನಾರು ಬಿಟ್‌ನ ಘಟಕಗಳನ್ನೇ ಎಣಿಸುವ ತಂತ್ರಾಂಶ ಇವುಗಳ ಒಂದಕ್ಷರವನ್ನು ಎರಡೆಂದು ಎಣಿಸುತ್ತದೆ. ಯುಟಿಎಫ್-೮ರಲ್ಲಿ ಇವಕ್ಕೆ ನಾಲ್ಕು ಬೈಟ್ ಬೇಕು. ಮೈಎಸ್‌ಕ್ಯೂಎಲ್ ದತ್ತಾಂಶಕೋಶದಲ್ಲಿ ‘ಯುಟಿಎಫ್೮’ ಎಂಬ ಹಳೆಯ ಹೆಸರಿನಿಂದ ನಿರ್ಮಿತವಾದ ಕೋಷ್ಟಕಗಳು ಅಕ್ಷರವೊಂದಕ್ಕೆ ಮೂರು ಬೈಟ್ ಮಾತ್ರ ಹಿಡಿಯುತ್ತವೆ; ನಾಲ್ಕು ಬೈಟ್‌ನ ಪ್ರಕಾರಕ್ಕೆ ಅಲ್ಲಿ ‘ಯುಟಿಎಫ್೮ಎಂಬಿ೪’ ಎಂಬ ಬೇರೆಯೇ ಹೆಸರಿದೆ. ಆದ್ದರಿಂದ ತಿಗಳಾರಿ ಹಸ್ತಪ್ರತಿಗಳ ಪಠ್ಯವನ್ನು ತನ್ನ ಸೂಚಿಗೆ ಸೇರಿಸಬಯಸುವ ಗ್ರಂಥಾಲಯವು ಲಿಪಿತಜ್ಞರನ್ನು ಹುಡುಕುವ ಮೊದಲೇ ತನ್ನ ಕೋಷ್ಟಕ ಈ ಎರಡರಲ್ಲಿ ಯಾವ ಹೆಸರಿನದೆಂದು ನೋಡಿಕೊಳ್ಳಬೇಕಾಗುತ್ತದೆ.